ತ್ರೆವೀಜೋದ ಕೆಂಪು ಕಹಿ ಮತ್ತು ಅತ್ತೆಯ ಒಂದು ಪ್ರಶ್ನೆ

ವೆನಿಸ್ ನೋಡಲು ಬರುವ ಎಷ್ಟೋ ಜನ ತ್ರೆವೀಜೋ ಅನ್ನೋ ಹೆಸರನ್ನು ವಿಮಾನದ ಟಿಕೆಟ್ ಮೇಲೆ ಮಾತ್ರ ಓದಿರುತ್ತಾರೆ. ಕಡಿಮೆ ದರದ ವಿಮಾನಗಳು ಅಲ್ಲಿ ಇಳಿಯುತ್ತವೆ. ಇಳಿದವರು ಊರಿನ ಕಡೆ ತಿರುಗಿಯೂ ನೋಡದೆ ವೆನಿಸ್ ಬಸ್ ಹತ್ತಿಬಿಡುತ್ತಾರೆ. ವೆನಿಸ್‌ಗೆ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಈ ಊರಿಗೂ ತನ್ನದೇ ಕಾಲುವೆಗಳಿವೆ, ಕಾಲುವೆಯಲ್ಲಿ ತಿರುಗುವ ಹಳೇ ನೀರಿನ ಚಕ್ರಗಳಿವೆ, ಹಳೆಯ ಕೋಟೆಗೋಡೆ ಇದೆ. ಇಲ್ಲದೇ ಇರೋದು ನೂಕುನುಗ್ಗಲು ಮಾತ್ರ. ಡಿಸೆಂಬರ್‌ನಲ್ಲಂತೂ ಬೆಳಿಗ್ಗೆ ಹತ್ತರವರೆಗೆ ಮಂಜು ಕವಿದು, ಎದುರಿನ ಸೇತುವೆ ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತದೆ. ಆ ಬೂದು ಬೆಳಕಿನಲ್ಲಿ ಒಂದೇ ಒಂದು ಬಣ್ಣ ಕಣ್ಣಿಗೆ ಹೊಡೆಯುತ್ತೆ. ತರಕಾರಿ ಅಂಗಡಿಗಳ ಮುಂದೆ ಪೆಟ್ಟಿಗೆಗಟ್ಟಲೆ ಜೋಡಿಸಿಟ್ಟ ದಾಳಿಂಬೆ ಕೆಂಪು.

ಅದು ರಾಡಿಕ್ಯೋ. ಪೂರ್ತಿ ಹೆಸರು ರಾಡಿಕ್ಯೋ ರೋಸ್ಸೋ ದಿ ತ್ರೆವೀಜೋ. ಇದರಲ್ಲಿ ಎರಡು ಬಗೆ. ಬೇಗ ಬರುವುದು ಪ್ರೆಕೋಚೆ, ಅಗಲ ಎಲೆಯದ್ದು. ತಡವಾಗಿ ಬರುವುದು ತಾರ್ದಿವೋ. ಈ ತಾರ್ದಿವೋ ನೋಡಲು ಸೊಪ್ಪಿನ ಹಾಗೇ ಇರೋದಿಲ್ಲ. ಬಿಳೀ ದಂಟಿನ ಎರಡೂ ಅಂಚಿಗೆ ಕೆಂಪು ಪಟ್ಟಿ, ತುದಿ ಒಳಕ್ಕೆ ಬಾಗಿರುತ್ತೆ, ಅರಳುತ್ತಾ ಅರಳುತ್ತಾ ನಿಂತುಬಿಟ್ಟ ಹೂವಿನ ಥರ. ಬುಡದಲ್ಲಿ ಬೆರಳುದ್ದದ ಬೇರು, ಅದನ್ನೂ ಚೆನ್ನಾಗಿ ಹೆರೆದು ಚೊಕ್ಕ ಮಾಡಿರುತ್ತಾರೆ. ನಾವು ಕೊಂಡ ದಿನ ಕಿಲೋಗೆ 9 ಯೂರೋ. ಸೊಪ್ಪಿಗೆ ಈ ರೇಟಾ ಅಂತ ಅತ್ತೆ ಅಲ್ಲೇ ರೂಪಾಯಿಗೆ ಲೆಕ್ಕ ಹಾಕಿದರು. ಭಾರತದಿಂದ ಬಂದವರೆಲ್ಲ ಮೊದಲ ಹತ್ತು ದಿನ ಮಾಡುವ ಕೆಲಸ ಅದೇ. ಆಮೇಲೆ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಉಪವಾಸ ಇರಬೇಕಾಗುತ್ತೆ.

ನಾವಿರುವುದು ಮೆಸ್ತ್ರೆಯಲ್ಲಿ. ವೆನಿಸ್‌ನಲ್ಲಿ ದುಡಿಯುವ, ಆದರೆ ವೆನಿಸ್‌ನ ಬಾಡಿಗೆ ಕೊಡಲಾಗದ ಜನರ ಊರು. ಇಲ್ಲಿ ಬಾಂಗ್ಲಾದೇಶದವರ ಅಂಗಡಿಗಳು ಸಾಕಷ್ಟಿವೆ, ಹಾಗಾಗಿ ಹಸಿಮೆಣಸಿನಕಾಯಿಗೆ, ಕೊತ್ತಂಬರಿಗೆ ಬರ ಇಲ್ಲ. ತ್ರೆವೀಜೋಗೆ ರೈಲಿನಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ. ಮಾವ ತೀರಿಹೋಗಿ ವರ್ಷ ತುಂಬಿದ ಮೇಲೆ, ಕಳೆದ ಚಳಿಗಾಲದಲ್ಲಿ ಅತ್ತೆ ಎರಡು ತಿಂಗಳಿಗೆ ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದರು. ಬಂದವರನ್ನು ನೋಡಿ ನಮಗಿಬ್ಬರಿಗೂ ಗಾಬರಿ. ಅಷ್ಟು ಇಳಿದುಹೋಗಿದ್ದರು. ಮಧ್ಯಾಹ್ನ ಒಂದು ಹಿಡಿ ಅನ್ನ, ರಾತ್ರಿ ಒಂದು ಲೋಟ ಮಜ್ಜಿಗೆ. "ಹಸಿವಾಗಲ್ಲ ಕಣೇ, ಏನ್ಮಾಡ್ಲಿ" ಅನ್ನೋದು ಒಂದೇ ಮಾತು.

ಹೊರಗೆ ಸುತ್ತಾಡಿಸಿದರೆ ಹಸಿವಾದೀತು ಅಂತ ಒಂದು ಶನಿವಾರ ತ್ರೆವೀಜೋ ಪಕ್ಕದ ಕ್ವಿಂತೋ ಎಂಬ ಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಸೀಲೆ ನದಿ ಹರಿಯುತ್ತದೆ. ಸೀಲೆ ಬೆಟ್ಟದಿಂದ ಇಳಿದು ಬರುವ ನದಿಯಲ್ಲ. ಬಯಲಿನಲ್ಲೇ ನೆಲದೊಳಗಿಂದ ಒರತೆಯಾಗಿ ಉಕ್ಕಿ ಹುಟ್ಟುವಂಥದ್ದು. ಒರತೆ ನೀರಿನ ಗುಣ ನಮ್ಮ ಊರಿನ ಬಾವಿಗಳದ್ದೇ. ಚಳಿಗಾಲದಲ್ಲಿ ಮೇಲೆ ಎಷ್ಟೇ ಕೊರೆಯುತ್ತಿದ್ದರೂ ನೀರು ಹನ್ನೆರಡು ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ. ರಾಡಿಕ್ಯೋದ ಗುಟ್ಟೆಲ್ಲ ಈ ನೀರಿನಲ್ಲಿದೆ.

ಗದ್ದೆಯಲ್ಲಿ ನಿಂತ ಗಿಡ ನೋಡಿದರೆ ನಿಮಗೆ ಬೇಜಾರೇ ಆಗುತ್ತದೆ. ಸೊರಗಿದ, ಮಣ್ಣು ಮೆತ್ತಿದ, ಹಸಿರು ಕಂದು ಎಲೆಗಳ ಮುದ್ದೆ. ಬೇಸಿಗೆಯಲ್ಲಿ ನೆಟ್ಟಿದ್ದು, ಕನಿಷ್ಠ ಎರಡು ಸಲ ನೆಲ ಬೆಳ್ಳಗೆ ಹೆಪ್ಪುಗಟ್ಟುವಂಥ ಚಳಿ ಬೀಳುವ ತನಕ ಕೀಳುವುದಿಲ್ಲ. ನವೆಂಬರ್‌ನಿಂದ ಮುಂದೆ ಬೇರು ಸಮೇತ ಕಿತ್ತು, ಕತ್ತಲೆ ಶೆಡ್ಡಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ಬೇರಿನ ಮಟ್ಟಕ್ಕೆ ಈ ಒರತೆ ನೀರು ಹರಿಯಲು ಬಿಡುತ್ತಾರೆ. ಹೊರಗೆ ಚಳಿ, ಕಾಲ ಕೆಳಗೆ ಬೆಚ್ಚಗಿನ ನೀರು. ಗಿಡ ವಸಂತ ಬಂತು ಅಂದುಕೊಂಡು ಬೇರಿನಲ್ಲಿ ಕೂಡಿಟ್ಟಿದ್ದನ್ನೆಲ್ಲ ಖರ್ಚು ಮಾಡಿ ಒಳಗಿನಿಂದ ಹೊಸ ಎಲೆ ತಳ್ಳುತ್ತದೆ. ಬೆಳಕಿಲ್ಲವಲ್ಲ, ಹಸಿರು ಬರೋದಿಲ್ಲ. ಬಿಳೀ ದಂಟು, ಕೆಂಪು ಎಲೆ, ಕಹಿಯೂ ಅರ್ಧಕ್ಕರ್ಧ ಇಳಿದಿರುತ್ತೆ. ಹದಿನೈದು ದಿನದ ಹೊತ್ತಿಗೆ ಹೊರಗಿನ ಕೊಳೆತ ಎಲೆಗಳನ್ನೆಲ್ಲ ಕೈಯಿಂದ ಕಿತ್ತು ಬಿಸಾಕಿ, ಒಳಗಿನ ತಿರುಳನ್ನು ಮಾತ್ರ ತೊಳೆದು ಮಾರುತ್ತಾರೆ. ಶೆಡ್ಡಿನ ಹೊರಗೆ ಆ ಎಲೆಗಳ ಗುಡ್ಡೆ ನೋಡಿದ ಮೇಲೆ 9 ಯೂರೋ ಯಾಕೆ ಅಂತ ನನಗೆ ಅರ್ಥವಾಯಿತು.

ಈ ವಿಧಾನ 19ನೇ ಶತಮಾನದಲ್ಲಿ ಬೆಲ್ಜಿಯಂ ಕಡೆಯ ತೋಟಗಾರನೊಬ್ಬನಿಂದ ಬಂತು ಅಂತ ಇಲ್ಲಿ ಒಂದು ಕಥೆ ಹೇಳುತ್ತಾರೆ. ರೈತರು ದನದ ಕೊಟ್ಟಿಗೆಯ ಬಿಸಿಯಲ್ಲಿ ಇಟ್ಟು ತಾವೇ ಕಂಡುಕೊಂಡರು ಅಂತ ಇನ್ನೊಂದು ಕಥೆ. ನನಗೆ ಎರಡನೆಯದೇ ಇಷ್ಟ, ಪುರಾವೆ ಕೇಳಬೇಡಿ. ಊರಿನ ಪೇಟೆ ಚೌಕದಲ್ಲಿ ರಾಡಿಕ್ಯೋ ಪ್ರದರ್ಶನ ಶುರುವಾಗಿದ್ದು 1900ರಲ್ಲಿ.

ಅತ್ತೆ ಶೆಡ್ಡಿನೊಳಗೆ ಬಗ್ಗಿ ನೋಡಿ, "ಇದೇನು ಮಹಾ, ನಾವು ಹುರುಳಿ ಮೊಳಕೆ ಕಟ್ತೀವಲ್ಲ, ಹಾಗೇನೆ" ಅಂದರು. ಆ ರೈತನಿಗೆ ಅದನ್ನು ಇಟಾಲಿಯನ್‌ನಲ್ಲಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಅವನು ಒಂದು ಎಲೆ ಕಿತ್ತು ಕೊಟ್ಟ. ಅತ್ತೆ ಕಚ್ಚಿದರು. ಕಟುಂ ಅಂತ ಶಬ್ದ. ಒಂದು ಕ್ಷಣ ಸುಮ್ಮನಿದ್ದು, "ಕಾಫಿ ಕಣೇ" ಅಂದರು.

ಅದು ನಿಜ. ರಾಡಿಕ್ಯೋ ಅನ್ನೋದು ಚಿಕೋರಿಯೇ. ನಮ್ಮ ಫಿಲ್ಟರ್ ಕಾಫಿಪುಡಿಗೆ ಬೆರೆಸುವ ಚಿಕೋರಿ ಅದೇ ಜಾತಿಯ ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಬೇರಿಗಾಗಿ ಬೆಳೆಯುವ ತಳಿ ಬೇರೆ, ಎಲೆಗಾಗಿ ಬೆಳೆಯುವ ತಳಿ ಬೇರೆ, ಅಷ್ಟೇ ವ್ಯತ್ಯಾಸ. ಸೂಟ್‌ಕೇಸಿನಲ್ಲಿ ಎರಡು ಕಿಲೋ 80-20 ಪುಡಿ ಹೊತ್ತು ತಂದಿದ್ದ ಹೆಂಗಸು ಒಂದೇ ಕಡಿತಕ್ಕೆ ಗುರುತು ಹಿಡಿದರು. ನಾನು ಇಲ್ಲಿಗೆ ಬಂದು ನಾಲ್ಕು ವರ್ಷವಾದರೂ ನನಗೆ ಹೊಳೆದಿರಲಿಲ್ಲ.

ಆ ವಾರ ಮನೆಯಲ್ಲಿ ಇನ್ನೊಂದು ವಿಷಯ ನಡೆದಿತ್ತು. ನಾನು ಆಫೀಸಿನಲ್ಲಿದ್ದ ಒಂದು ದಿನ ನನ್ನ ಗಂಡ ಅತ್ತೆಯನ್ನು ಊಟಕ್ಕೆ ಹೊರಗೆ ಕರೆದುಕೊಂಡು ಹೋಗಿದ್ದ. ಪಿಜ್ಜಾ, ಮೇಲೆ ಉದುರಿಸಿದ ಚೀಸ್. ಅತ್ತೆ ಅರ್ಧಕ್ಕಿಂತ ಹೆಚ್ಚು ತಿಂದರಂತೆ. "ತಿಂಗಳುಗಳಲ್ಲಿ ಮೊದಲ ಸಲ ಅಮ್ಮ ಹೊಟ್ಟೆತುಂಬ ತಿಂದಳು" ಅಂತ ಅವನಿಗೆ ಖುಷಿ. ನನಗೆ ಖುಷಿಯ ಜೊತೆ ಇನ್ನೊಂದು ಯೋಚನೆಯೂ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಯೂರೋಪಿಗೆ ಬರುವ ನಮ್ಮ ಸಸ್ಯಾಹಾರಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಿರೋದಿಲ್ಲ. ಹಾಲು ಒಡೆದು ಗಟ್ಟಿಯಾಗಲು ನಾವು ನಿಂಬೆಹಣ್ಣು ಹಿಂಡುತ್ತೇವೆ, ಪನೀರ್ ಆಗುತ್ತೆ. ಇಲ್ಲಿ ಹಾಲಿಗೆ ರೆನೆಟ್ ಹಾಕುತ್ತಾರೆ. ಸಾಂಪ್ರದಾಯಿಕ ರೆನೆಟ್ ಬರುವುದು ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಿಂದ. ಕರುವನ್ನು ಕೊಂದ ಮೇಲೆ, ಅದರ ನಾಲ್ಕನೇ ಹೊಟ್ಟೆಯ ಒಳಪದರದಿಂದ. ಪಾರ್ಮೆಸಾನ್ ಅಂತ ನಾವು ಕರೆಯುವ ಪಾರ್ಮಿಜಾನೋ ರೆಜ್ಜಾನೋಗೆ ಕರುವಿನ ರೆನೆಟ್ಟೇ ಹಾಕಬೇಕು ಅನ್ನೋದು ಅದರ ನಿಯಮದಲ್ಲೇ ಇದೆ. ಗ್ರಾನಾ ಪದಾನೋ, ಗೊರ್ಗೊನ್ಜೋಲಾ ಕೂಡ ಅದೇ ದಾರಿ. ಗ್ರಾನಾ ಪದಾನೋದಲ್ಲಿ ಮೊಟ್ಟೆಯಿಂದ ತೆಗೆದ ಒಂದು ಅಂಶವೂ ಇರುತ್ತದೆ, ಲೇಬಲ್ಲಿನಲ್ಲಿ 'ಊವೋ' ಅಂತ ಇದ್ದರೆ ಅದು ಮೊಟ್ಟೆ. ಬಹಳಷ್ಟು ಚೀಸ್‌ಗಳ ಲೇಬಲ್ಲಿನಲ್ಲಿ ಹಾಲು, ಉಪ್ಪು, 'ಕಾಲ್ಯೋ' ಅಂತ ಮೂರೇ ಪದ ಇರುತ್ತದೆ. ಕಾಲ್ಯೋ ಅಂದರೆ ರೆನೆಟ್. ಯಾವುದರ ರೆನೆಟ್ ಅಂತ ಬರೆದಿರೋದಿಲ್ಲ. 'ಕಾಲ್ಯೋ ವೆಜೆತಾಲೆ' ಅಥವಾ 'ಕಾಲ್ಯೋ ಮಿಕ್ರೋಬಿಕೋ' ಅಂತ ಬಿಡಿಸಿ ಬರೆದಿದ್ದರೆ ಮಾತ್ರ ಧೈರ್ಯವಾಗಿ ತಗೊಳ್ಳಿ. ಮೊದಲನೆಯದು ಗಿಡದ್ದು, ಎರಡನೆಯದು ಸೂಕ್ಷ್ಮಜೀವಿಗಳಿಂದ ಮಾಡಿದ್ದು. ತಿರಮಿಸುವಿಗೆ ಹಾಕುವ ಮಸ್ಕಾರ್ಪೋನೆಯನ್ನು ಹುಳಿ ಹಾಕಿಯೇ ಮಾಡುತ್ತಾರೆ, ರೆನೆಟ್ ಬೇಕಿಲ್ಲ. ಆದರೆ ತಿರಮಿಸುವಿನಲ್ಲಿ ಹಸಿಮೊಟ್ಟೆ ಇರುತ್ತೆ, ಅದು ಬೇರೆ ತಲೆನೋವು.

ನಾನು, ನನ್ನ ಗಂಡ ಇದೆಲ್ಲ ಗೊತ್ತಿದ್ದೇ ತಿನ್ನುತ್ತೇವೆ. ಅದು ನಮ್ಮ ಲೆಕ್ಕ. ಅತ್ತೆಯ ಮನೆಗೆ ಮೊಟ್ಟೆಯೂ ಬರುವುದಿಲ್ಲ. ನಾನು ಕೇಳಿದ್ದಕ್ಕೆ ಅವನು, "ಹೇಳ್ಬೇಡ ಪ್ಲೀಸ್. ಗೊತ್ತಾದ್ರೆ ಮತ್ತೆ ತಿನ್ನೋದು ಬಿಡ್ತಾಳೆ. ಎರಡು ತಿಂಗಳು ಹೇಗೋ ನಾಲ್ಕು ತುತ್ತು ತಿಂದು ಗಟ್ಟಿಯಾಗಿ ಊರಿಗೆ ಹೋಗ್ಲಿ" ಅಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಮ್ಮನ ಕೈ ಮೂಳೆ ಕಾಣುವುದನ್ನು ನೋಡುತ್ತಿದ್ದ ಮಗ ಅವನು. ನಾನಾಗಿಯೇ ಹೋಗಿ ಹೇಳುವುದಿಲ್ಲ, ಆದರೆ ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ ಅಂದೆ. ಇಬ್ಬರಿಗೂ ಅಲ್ಲಿಗೇ ಮಾತು ನಿಂತಿತು.

ಮುಂದಿನ ಶನಿವಾರ ಮೂವರೂ ತ್ರೆವೀಜೋ ಸಂತೆಗೆ ಹೋದೆವು. ಮಂಗಳವಾರ, ಶನಿವಾರ ಅಲ್ಲಿ ಸಂತೆ. ಊರ ನಡುವೆ ಕಾಲುವೆಯ ಪುಟ್ಟ ನಡುಗಡ್ಡೆಯಲ್ಲಿ ಮೀನಿನ ಮಾರುಕಟ್ಟೆ ಇದೆ, ಪೆಸ್ಕೆರಿಯಾ. ವಾಸನೆ ಊರಿಗೆ ಬರದಿರಲಿ, ತೊಳೆದ ನೀರು ಹರಿದುಹೋಗಲಿ ಅಂತ ಹಾಗೆ ಕಟ್ಟಿದ್ದು. ಅತ್ತೆ ಸೆರಗು ಮೂಗಿಗೆ ಹಿಡಿದು ಸರಸರ ದಾಟಿದರು. ಆಚೆ ದಡದಲ್ಲಿ ಹಣ್ಣು ತರಕಾರಿ. ಸಿಸಿಲಿಯಿಂದ ಬಂದ ಕೆಂಪು ತಿರುಳಿನ ಕಿತ್ತಳೆ, ಚಿಪ್ಪು ಸಮೇತ ಅಕ್ರೋಟು, ಉದ್ದ ಕತ್ತಿನ ಅಬಾತೆ ಪೇರ್ ಹಣ್ಣು. (ನಮ್ಮ ಕಡೆ ಎಷ್ಟೋ ಊರಲ್ಲಿ ಸೀಬೆಹಣ್ಣಿಗೆ ಪೇರಲ ಅಂತಾರೆ, ಇದು ಅದಲ್ಲ.) ಶರತ್ಕಾಲದಲ್ಲಿ ಕಿತ್ತ ಪೇರ್ ಚಳಿಗಾಲ ಪೂರ್ತಿ ಸಿಗುತ್ತದೆ. ಸ್ವಲ್ಪ ಗಟ್ಟಿಯಿರುವಾಗಲೇ ಸಲಾಡಿಗೆ ಸರಿ.

ಚೀಸ್ ಮಾರುವ ವ್ಯಾನಿನ ಮುಂದೆ ಅತ್ತೆ ನಿಂತರು. ಬಂಡಿಚಕ್ರದಂಥ ಗಾಲಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿ ಕೇಳಿದರು: "ಬರೀ ಹಾಲು ಇಷ್ಟು ಗಟ್ಟಿ ಹೇಗಾಗುತ್ತೆ? ಏನು ಹಾಕ್ತಾರೆ ಇದಕ್ಕೆ?"

ನನ್ನ ಗಂಡ ಕಾಲುವೆ ಕಡೆ ಮುಖ ಮಾಡಿದ. ನಾನು ಹೇಳಿದೆ. ಕರು, ಹೊಟ್ಟೆ, ಎಲ್ಲಾ.

"ಅವತ್ತಿನ ಪಿಜ್ಜಾದಲ್ಲೂ?"

"ಇದ್ದಿರಬಹುದು ಅತ್ತೆ. ಇದ್ದೇ ಇರುತ್ತೆ ಅನ್ಸುತ್ತೆ."

ಅವರು ಕೂಗಾಡಲಿಲ್ಲ, ಕಣ್ಣಲ್ಲಿ ನೀರೂ ಹಾಕಲಿಲ್ಲ. ಮಗನನ್ನು ಹತ್ತಿರ ಕರೆದು, "ನಿನಗೆ ಗೊತ್ತಿತ್ತಾ?" ಅಂದರು. ಅವನು ತಲೆ ಆಡಿಸಿದ. "ಗೊತ್ತಿಲ್ದೆ ನಾನು ತಿಂದೆ, ಅದು ದೇವರಿಗೂ ಅರ್ಥ ಆಗುತ್ತೆ. ಗೊತ್ತಿದ್ದೂ ನೀನು ತಿನ್ನಿಸಿದೆಯಲ್ಲ, ಅದನ್ನ ನೀನೇ ನೋಡ್ಕೋಬೇಕು." ಇಷ್ಟು ಹೇಳಿ, ಒಂದು ನಿಮಿಷ ಬಿಟ್ಟು, "ರುಚಿಯಾಗೇ ಇತ್ತು. ಅದನ್ನೂ ಇಲ್ಲ ಅನ್ನಲ್ಲ" ಅಂದರು.

ವ್ಯಾನಿನ ಹೆಂಗಸಿಗೆ ಕನ್ನಡ ಬಾರದಿದ್ದರೂ ಏನೋ ನಡೆಯುತ್ತಿದೆ ಅಂತ ಗೊತ್ತಾಗಿತ್ತು. ನಾನು ಕಾಲ್ಯೋ ವೆಜೆತಾಲೆ ಇರುವುದು ಯಾವುದಾದರೂ ಇದೆಯಾ ಅಂತ ಕೇಳಿದೆ. ಅವಳು ಮೊದಲು ಇಲ್ಲ ಅಂದಳು. ಆಮೇಲೆ ಬಗ್ಗಿ ಕೆಳಗಿನ ಪೆಟ್ಟಿಗೆ ಹುಡುಕಿ, ಅಂಗೈ ಅಗಲದ ಗಟ್ಟಿ ಮೇಕೆಹಾಲಿನ ಚೀಸ್ ತೆಗೆದು, ಲೇಬಲ್ಲಿನ ಆ ಎರಡು ಪದಗಳ ಮೇಲೆ ಬೆರಳಿಟ್ಟು ತೋರಿಸಿದಳು. ಅತ್ತೆಗೆ ಓದಲು ಬಾರದ ಲಿಪಿಯೇನಲ್ಲ. ಅಕ್ಷರ ಅಕ್ಷರ ಕೂಡಿಸಿ ತಾವೇ ಓದಿದರು. ಆಮೇಲೆ "ತಗೋ" ಅಂದರು.

ಎರಡು ದಿನ ಅನ್ನ ಸಾರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಮಗನ ಜೊತೆ ಬೇಕಾದಷ್ಟೇ ಮಾತು. ಮಂಗಳವಾರ ಸಂಜೆ ನಾನು ಆಫೀಸಿನಿಂದ ಬರುವಾಗ ಅಡುಗೆಮನೆಯಲ್ಲಿ ರಾಡಿಕ್ಯೋ ತೊಳೆದು ನೀರಿಗೆ ಹಾಕಿಟ್ಟಿದ್ದರು. "ಒಂಬತ್ತು ಯೂರೋ ಕೊಟ್ಟು ತಂದು ಫ್ರಿಜ್ಜಲ್ಲಿ ಬಾಡಿಸ್ತೀರಾ? ಹೇಗೆ ಮಾಡೋದು ಹೇಳು, ಕಲಿಸೋಣ."

ಮಾಡೋಕೆ ಹದಿನೈದು ನಿಮಿಷ ಸಾಕು. ಮೂವರಿಗೆ ಎರಡು ರಾಡಿಕ್ಯೋ, ಒಂದು ದೊಡ್ಡ ಪೇರ್ ಹಣ್ಣು, ಎಂಟು ಹತ್ತು ಅಕ್ರೋಟು, ಚೀಸ್ 60 ಗ್ರಾಂ ಹತ್ತಿರ ಹತ್ತಿರ. ರಾಡಿಕ್ಯೋವನ್ನು ಉದ್ದುದ್ದ ನಾಲ್ಕು ಸೀಳಿ, ಎಲೆ ಬಿಡಿಸಿ, ತಣ್ಣೀರಲ್ಲಿ ಹತ್ತು ನಿಮಿಷ ಬಿಡಬೇಕು. ನೀರು ಕುಡಿದು ದಂಟು ಸೆಟೆದುಕೊಳ್ಳುತ್ತೆ, ಕಹಿಯೂ ಒಂದಿಷ್ಟು ಬಿಡುತ್ತೆ. ಆಮೇಲೆ ಶುದ್ಧ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಇದನ್ನು ಮಾತ್ರ ತಪ್ಪಿಸಬೇಡಿ. ಎಲೆ ಒದ್ದೆಯಿದ್ದರೆ ಎಣ್ಣೆ ಅಂಟೋದಿಲ್ಲ, ಎಲ್ಲಾ ಬಟ್ಟಲಿನ ತಳ ಸೇರುತ್ತೆ. ಅಕ್ರೋಟನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಉಜ್ಜಿದರೆ ಒಗರು ಸಿಪ್ಪೆ ಅರ್ಧ ಉದುರುತ್ತದೆ. ಬೇರಿನ ತುಂಡನ್ನು ಬಿಸಾಕಬೇಡಿ, ತೆಳ್ಳಗೆ ಹೆಚ್ಚಿ ಹಾಕಿ. ಅದರ ರುಚಿಯೇ ಬೇರೆ.

ಎರಡು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ಚಮಚ ವಿನೆಗರ್, ಅರ್ಧ ಚಮಚ ಜೇನುತುಪ್ಪ, ಮೆಣಸಿನಪುಡಿ, ಅಂದರೆ ಕರಿಮೆಣಸು. ಎಲ್ಲಾ ಒಂದು ಬಾಟ್ಲಿಗೆ ಹಾಕಿ ಕುಲುಕಿದರೆ ಆಯಿತು. ಅತ್ತೆ ವಿನೆಗರ್ ಮೂಸಿ ನೋಡಿ ಪಕ್ಕಕ್ಕಿಟ್ಟರು. ಒಂದು ನಿಂಬೆಹೋಳು ಹಿಂಡಿದರು, ಹೂವಿನಷ್ಟು ಸಣ್ಣಗೆ ಹೆಚ್ಚಿದ ಅರ್ಧ ಹಸಿಮೆಣಸಿನಕಾಯಿ ಸೇರಿಸಿದರು. ನಾನು ಉಪ್ಪು ಹಾಕಲು ಹೋದರೆ ಕೈ ಹಿಡಿದರು. "ಕೋಸಂಬರಿಗೆ ಯಾವಾಗ ಉಪ್ಪು ಹಾಕ್ತೀಯಾ? ಎಲೆ ಹಾಕಿದ ಮೇಲೆ ತಾನೆ? ಈಗಲೇ ಹಾಕಿದ್ರೆ ನೀರು ಬಿಟ್ಕೊಂಡು ಕೂತ್ಕೊಳ್ಳುತ್ತೆ." ಇಟಲಿಯ ಅಡುಗೆ ಪುಸ್ತಕಗಳು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ನೋಡಿಲ್ಲ. ಎಲೆಗೆ ಎಣ್ಣೆ ಸವರಿ, ಕೊನೆಗೆ ಪೇರ್ ಹೆಚ್ಚಿ ಹಾಕಿ (ಮೊದಲೇ ಹೆಚ್ಚಿದರೆ ಕಪ್ಪಾಗುತ್ತೆ), ಅಕ್ರೋಟು ಉದುರಿಸಿ, ಚೀಸನ್ನು ತೆಳ್ಳಗೆ ಹೆರೆದು ಮೇಲೆ ಹಾಕಿ, ಎಲ್ಲರೂ ಕೂತ ಮೇಲೆ ಉಪ್ಪು.

ಮೊದಲು ಬಾಯಿಗೆ ಸಿಗುವುದು ಕಹಿ. ಹಿಂದೆಯೇ ಪೇರ್ ಹಣ್ಣಿನ ಸಿಹಿನೀರು. ಚೀಸಿನ ಉಪ್ಪು ಎರಡನ್ನೂ ಹಿಡಿದುಕೊಳ್ಳುತ್ತೆ, ಅಕ್ರೋಟಿನ ಎಣ್ಣೆ ಕೊನೆಗೆ ನಾಲಗೆ ಮೇಲೆ ಉಳಿಯುತ್ತೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಯಾಕೆ ಹಾಕುತ್ತೇವೋ ಇಲ್ಲಿ ಪೇರ್ ಹಾಕುವುದೂ ಅದಕ್ಕೇ. ಅತ್ತೆ ಎರಡನೇ ಸಲ ಬಡಿಸಿಕೊಂಡರು. ಮಗನ ತಟ್ಟೆಗೂ ತಾವೇ ಬಡಿಸಿದರು. ಚೀಸ್ ಚೂರುಗಳನ್ನು ಅವನ ಕಡೆಗೆ ಸ್ವಲ್ಪ ಹೆಚ್ಚಾಗಿಯೇ ಹಾಕಿದರು ಅಂತ ನನಗನ್ನಿಸಿತು, ಇರಲಿ.

ಇಟಲಿಯಲ್ಲಿ ಒಂದು ಹಳೇ ಗಾದೆಯಿದೆ. ಪೇರ್ ಹಣ್ಣಿನ ಜೊತೆ ಚೀಸ್ ಎಷ್ಟು ರುಚಿ ಅಂತ ರೈತನಿಗೆ ಗೊತ್ತಾಗದಿರಲಿ ಅಂತ. ಗೊತ್ತಾದರೆ ಅವನು ಮಾರದೆ ತಾನೇ ತಿಂದುಬಿಟ್ಟಾನು ಅನ್ನೋದು ಧಣಿಗಳ ಭಯ. ಮಾಸ್ಸಿಮೋ ಮೊಂತನಾರಿ ಅನ್ನುವ ಆಹಾರ ಇತಿಹಾಸಕಾರರು ಈ ಒಂದೇ ಗಾದೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಊಟದ ಹೊತ್ತಿನಲ್ಲಿ ಇದನ್ನು ಹೇಳಿದೆ. "ಯಾರಿಗೋ ಗೊತ್ತಾಗಬಾರದು ಅಂತ ನೋಡ್ಕೊಳ್ಳೋದು ಇಲ್ಲೂ ಇದೆಯಾ" ಅಂದರು ಅತ್ತೆ. ನನ್ನ ಗಂಡ ನೀರು ತರಲು ಎದ್ದ.

ಜನವರಿ ಕೊನೆಗೆ ಅವರು ಹೊರಟಾಗ ಮೈಯಲ್ಲಿ ಸ್ವಲ್ಪ ಕಳೆ ಬಂದಿತ್ತು. ಪೂರ್ತಿ ಸಲಾಡಿನಿಂದಲೇ ಅಂತ ನಾನು ಹೇಳುವುದಿಲ್ಲ, ವಾರಕ್ಕೆ ಎರಡು ಸಲ ಸಂತೆಗೆ ನಡೆದಿದ್ದೂ ಕಾರಣವಿರಬಹುದು. ಹೊರಡುವಾಗ ಅಕ್ರೋಟು ಒಂದು ಕಿಲೋ ಕಟ್ಟಿಕೊಂಡರು. ಚೀಸ್ ಬೇಡ ಅಂದರು.

ಬೆಂಗಳೂರು ಮೈಸೂರಿನಲ್ಲಿ ರಾಡಿಕ್ಯೋ ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಕೆಲವೊಮ್ಮೆ ಸಿಗುತ್ತೆ, ಅದು ಚೆಂಡಿನಂತೆ ಗುಂಡಗಿರುವ ಬೇರೆ ಬಗೆ, ರೇಟೂ ಜಾಸ್ತಿ. ಅದರ ಹಿಂದೆ ಬೀಳಬೇಡಿ. ಅತ್ತೆ ಹೋದ ಹದಿನೈದು ದಿನಕ್ಕೆ ವಿಡಿಯೋ ಕಾಲ್ ಮಾಡಿ ತಟ್ಟೆ ತೋರಿಸಿದರು. ಎಳೇ ಮೆಂತ್ಯ ಸೊಪ್ಪು, ಸ್ವಲ್ಪ ಕೆಂಪು ಎಲೆಕೋಸು, ಗಟ್ಟಿ ಸೀಬೆಕಾಯಿ, ಹುರಿದ ಕಡಲೇಬೀಜ, ನಿಂಬೆಹುಳಿಯಲ್ಲಿ ಒಡೆದು ಭಾರವಿಟ್ಟು ಹಿಂಡಿದ ಮನೆ ಪನೀರು. ಚೀಸೇ ಬೇಕು ಅನ್ನುವವರು ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ತಗೊಳ್ಳಿ. ನಮ್ಮ ದೇಶದಲ್ಲಿ ಅದೊಂದು ಸುಖ, ಲೇಬಲ್ ಓದಲು ಇಟಾಲಿಯನ್ ಕಲಿಯಬೇಕಿಲ್ಲ.

"ಹೇಗಿತ್ತು?" ಅಂತ ಕೇಳಿದೆ.

"ಮೆಂತ್ಯ ಸ್ವಲ್ಪ ಜಾಸ್ತಿ ಆಯ್ತು. ಸೀಬೆ ಬೀಜ ತೆಗೀಬೇಕು, ಹಲ್ಲಿಗೆ ಸಿಗುತ್ತೆ. ಪಕ್ಕದ ಮನೆಯವಳಿಗೆ ಕೊಟ್ಟೆ, ಒಗ್ಗರಣೆ ಎಲ್ಲಿ ಅಂತ ಕೇಳಿದ್ಲು" ಅಂದರು. ಆಮೇಲೆ ಫೋನನ್ನು ತಮ್ಮ ಮುಖಕ್ಕೆ ತೀರಾ ಹತ್ತಿರ ಹಿಡಿದು, ಅವನು ಮನೇಲಿದ್ದಾನಾ, ಊಟ ಮಾಡಿದ್ನಾ ಅಂತ ವಿಚಾರಿಸಿದರು.